ಬೀಜದ ಒಳಗೆ ಏನೇನಿದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ಮೆಡಿಕಲ್ ವಿದ್ಯಾರ್ಥಿಗಳಿಗೆ ಅಂಗರಚನೆ ಪಾಠ ಮಾಡುವುದು ನನ್ನ ಕೆಲಸ. ಆದರೆ ಗಂಡಸರ ಬೀಜದ, ಅಂದರೆ ವೃಷಣದ ಮೇಲೆ ಕ್ಲಾಸಿನಲ್ಲಿ ಬರುವ ಪ್ರಶ್ನೆಗಳಿಗಿಂತ ಊರಿನಲ್ಲಿ ಬರುವವೇ ಜಾಸ್ತಿ. ಮದುವೆ ಮನೆಯಲ್ಲಿ ಊಟ ಮುಗಿದು ಎಲೆ ಅಡಿಕೆ ಹಾಕುವ ಹೊತ್ತಿಗೆ ಯಾರೋ ಒಬ್ಬರು ಪಕ್ಕಕ್ಕೆ ಕರೆದು, "ಡಾಕ್ಟ್ರೇ, ಒಂದು ವಿಷಯ ಕೇಳ್ಬೇಕಿತ್ತು" ಅಂತ ದನಿ ತಗ್ಗಿಸುತ್ತಾರೆ. ದನಿ ತಗ್ಗಿತು ಅಂದರೆ ವಿಷಯ ಸೊಂಟದಿಂದ ಕೆಳಗಿನದ್ದು. ಹಾಗೆ ಕೇಳಿದವು, ಕೇಳಲಾಗದೆ ಹೆಂಡತಿಯ ಕೈಲಿ ಕೇಳಿಸಿದವು, ವಿದ್ಯಾರ್ಥಿಗಳು ವೈವಾದಲ್ಲಿ ತಡವರಿಸಿದವು, ಎಲ್ಲ ಸೇರಿಸಿ ಇಲ್ಲಿ ಉತ್ತರಿಸಿದ್ದೇನೆ. ಒಂದು ವಿಷಯ ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ: ವೃಷಣದ ತುಂಬ ಎಳೆಯಂಥ ನಳಿಕೆಗಳಿವೆ; ನಳಿಕೆಯ ಒಳಗೆ ಒಂದು ಕೆಲಸ ನಡೆಯುತ್ತದೆ, ನಳಿಕೆಯ ಹೊರಗೆ ಇನ್ನೊಂದು. ಅರ್ಧಕ್ಕರ್ಧ ಪ್ರಶ್ನೆಗಳು ಅಲ್ಲೇ ಬಗೆಹರಿಯುತ್ತವೆ.

ಸಾಮಾನ್ಯವಾಗಿ ಎಷ್ಟು ದೊಡ್ಡದಿರಬೇಕು? ಒಂದು ಕೆಳಗೆ, ಒಂದು ಮೇಲೆ ಇದ್ದರೆ ತೊಂದರೆಯಾ?

ದೊಡ್ಡವರಲ್ಲಿ ಉದ್ದ 4ರಿಂದ 5 ಸೆಂ.ಮೀ., ಅಗಲ 2.5ರಿಂದ 3 ಸೆಂ.ಮೀ. ನಮ್ಮ ಕಡೆಯವರಿಗೆ ಹೇಳುವುದಾದರೆ ಹೆಚ್ಚುಕಮ್ಮಿ ಒಂದು ಹಣ್ಣಡಿಕೆಯಷ್ಟು. ಹೆಚ್ಚಿನವರಲ್ಲಿ ಎಡಗಡೆಯದ್ದು ಸ್ವಲ್ಪ ಕೆಳಗಿರುತ್ತದೆ. ಅದು ಕಾಯಿಲೆ ಅಲ್ಲ. ಎರಡೂ ಗಾತ್ರದಲ್ಲಿ ಅಳತೆ ಇಟ್ಟ ಹಾಗೆ ಒಂದೇ ಇರುವುದಿಲ್ಲ, ಅದೂ ಸರಿಯೇ. ಮೊದಲಿದ್ದದ್ದಕ್ಕಿಂತ ಒಂದು ದಪ್ಪವಾದರೆ, ಸಣ್ಣದಾದರೆ ಅಥವಾ ಗಟ್ಟಿಯಾದರೆ ಮಾತ್ರ ತೋರಿಸಬೇಕು.

ಚರ್ಮದಿಂದ ಬೀಜದವರೆಗೆ ಎಷ್ಟು ಪದರ ಇದೆ?

ವಿದ್ಯಾರ್ಥಿಗಳು ಬಾಯಿಪಾಠ ಮಾಡಿ ಮರುದಿನ ಮರೆಯುವ ಪಟ್ಟಿ ಇದು. ಚೀಲದ ಚರ್ಮ ಮೊದಲು. ಅದರ ಕೆಳಗೆ ಕೊಬ್ಬು ಇರುವುದಿಲ್ಲ, ಬದಲಿಗೆ ಡಾರ್ಟೋಸ್ ಅನ್ನುವ ತೆಳು ಸ್ನಾಯು. ಚಳಿಗೆ ಚೀಲ ಸುಕ್ಕುಗಟ್ಟುವುದು ಇದರಿಂದ. ಆಮೇಲೆ ಹೊಟ್ಟೆಯ ಗೋಡೆಯಿಂದಲೇ ಬಂದ ಮೂರು ಹೊದಿಕೆ. ಅವುಗಳ ನಡುವಿನದ್ದರಲ್ಲಿ ಕ್ರಿಮಾಸ್ಟರ್ ಸ್ನಾಯು ಇದೆ, ಬೀಜವನ್ನು ಮೇಲಕ್ಕೆ ಎಳೆಯುವುದು ಅದರ ಕೆಲಸ. ತೊಡೆಯ ಒಳಭಾಗವನ್ನು ಮೆಲ್ಲಗೆ ಗೀರಿದರೆ ಆ ಕಡೆಯ ಬೀಜ ಮೇಲಕ್ಕೆ ಜಿಗಿಯುತ್ತದೆ.

ಇವೆಲ್ಲ ದಾಟಿದ ಮೇಲೆ ಬರುವ ಎರಡು ಪದರಗಳು ಮುಖ್ಯ. ಒಂದು ಟ್ಯೂನಿಕಾ ವಜೈನಾಲಿಸ್. ಇದು ಎರಡು ಪೊರೆಯ ಚೀಲ, ನಡುವೆ ಜಾರಲಿಕ್ಕೆ ಬೇಕಾದಷ್ಟೇ ದ್ರವ ಇರುತ್ತದೆ. ಮುಟ್ಟಿದಾಗ ಬೀಜ ಬೆರಳಿನಿಂದ ಜಾರುವುದು ಇದೇ ಕಾರಣಕ್ಕೆ. ಇನ್ನೊಂದು ಟ್ಯೂನಿಕಾ ಅಲ್ಬುಜೀನಿಯಾ. ಬೆಳ್ಳಗಿನ, ಗಟ್ಟಿ, ಹಿಗ್ಗದ ಕವಚ. ಈ "ಹಿಗ್ಗದ" ಅನ್ನುವ ಮಾತು ನೆನಪಿರಲಿ, ಮುಂದೆ ಮಂಗನ ಬಾವಿನ ಪ್ರಶ್ನೆಯಲ್ಲಿ ಬೇಕಾಗುತ್ತದೆ.

ಕೊಯ್ದು ನೋಡಿದರೆ ಒಳಗೆ ಏನು ಕಾಣುತ್ತದೆ?

ನೋಡಬೇಕು ಅಂದರೆ ಮೆಡಿಕಲ್ ಕಾಲೇಜಿಗೇ ಬರಬೇಕಾಗಿಲ್ಲ. ಭಾನುವಾರ ಮಟನ್ ಅಂಗಡಿಯಲ್ಲಿ ಟಗರಿನ ಬೀಜ ಕೇಳಿದರೆ ಕೊಡುತ್ತಾರೆ. ಪಿಯುಸಿ ಮಕ್ಕಳಿಗೆ ಇದನ್ನು ತೋರಿಸಿದ್ದೇನೆ, ಪುಸ್ತಕದ ಚಿತ್ರಕ್ಕಿಂತ ಬೇಗ ತಲೆಗೆ ಹೋಗುತ್ತದೆ. ಟಗರಿನದ್ದು ಮನುಷ್ಯನದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ತೂಗುವುದರಿಂದ ಎಲ್ಲ ದೊಡ್ಡದಾಗಿ ಕಾಣುತ್ತದೆ.

ಮೊದಲು ಮೇಲಿನ ಪೊರೆ ಸುಲಿಯಿರಿ. ಹೊಳೆಯುವ ಬಿಳಿ ಕವಚ ಸಿಗುತ್ತದೆ, ಅದರ ಮೇಲೆ ರಕ್ತನಾಳಗಳು ಅಂಕುಡೊಂಕಾಗಿ ಹರಿದಿರುತ್ತವೆ. ಹರಿತವಾದ ಬ್ಲೇಡಿನಲ್ಲಿ ಉದ್ದಕ್ಕೆ ಗೀರಿದ ಕೂಡಲೇ ಒಳಗಿನ ತಿರುಳು ಕೊಯ್ದ ಅಂಚನ್ನು ದಾಟಿ ಉಬ್ಬಿ ಬರುತ್ತದೆ. ಅಂದರೆ ಒಳಗೆ ಅಷ್ಟು ಒತ್ತಿ ತುಂಬಿದೆ ಅಂತ ಅರ್ಥ. ತಿರುಳಿನ ಬಣ್ಣ ಕಂದು ಹಳದಿ, ನೋಡಲಿಕ್ಕೆ ಮೆತ್ತಗಿನ ಮುದ್ದೆ. ಈಗ ಚಿಮಟದ ತುದಿಯಲ್ಲಿ ಒಂದು ಚೂರು ಹಿಡಿದು ನಿಧಾನ ಎಳೆಯಿರಿ. ಮುದ್ದೆ ಅಂದುಕೊಂಡದ್ದು ಎಳೆ ಎಳೆಯಾಗಿ ಬರುತ್ತದೆ. ಕೂದಲಿನಂಥ ಆ ಎಳೆಗಳೇ ನಳಿಕೆಗಳು. ನೀರಿನ ಬಟ್ಟಲಲ್ಲಿ ಬಿಟ್ಟರೆ ಇನ್ನೂ ಚೆನ್ನಾಗಿ ಬಿಡಿಸಿಕೊಳ್ಳುತ್ತವೆ. ವೃಷಣ ಅಂದರೆ ನಳಿಕೆಗಳ ಗಂಟು ಅಂತ ಡಚ್ ವೈದ್ಯ ಡಿ ಗ್ರಾಫ್ 1668ರಲ್ಲೇ ಬರೆದಿದ್ದ. ವೀರ್ಯಾಣು ಅನ್ನುವುದೊಂದು ಇದೆ ಅಂತ ಲೇವನ್‌ಹುಕ್ ತನ್ನ ಮಸೂರದಲ್ಲಿ ನೋಡಿದ್ದು ಅದಾದ ಮೇಲೆ, 1677ರಲ್ಲಿ. ಕಾರ್ಖಾನೆ ಮೊದಲು ಸಿಕ್ಕಿತು, ಮಾಲು ಆಮೇಲೆ.

ಒಂದು ವ್ಯತ್ಯಾಸ ಗಮನಿಸಿ. ಟಗರಿನಲ್ಲಿ ನಡುಮಧ್ಯೆ ಉದ್ದಕ್ಕೆ ಒಂದು ಬಿಳಿ ಗೆರೆ ಕಾಣುತ್ತದೆ. ಅದು ಮೀಡಿಯಾಸ್ಟೈನಮ್, ನಳಿಕೆಗಳೆಲ್ಲ ಬಂದು ಸೇರುವ ಜಾಗ. ಮನುಷ್ಯನಲ್ಲಿ ಅದು ನಡುವೆ ಇರುವುದಿಲ್ಲ, ಹಿಂಭಾಗದಲ್ಲಿ ಬಿಳಿ ಕವಚವೇ ದಪ್ಪವಾಗಿ ಒಳಕ್ಕೆ ಚಾಚಿರುತ್ತದೆ. ಅಲ್ಲಿಂದ ತೆಳು ಗೋಡೆಗಳು ಹೊರಟು ಇಡೀ ವೃಷಣವನ್ನು ಸುಮಾರು 250 ಕೋಣೆಗಳಾಗಿ ಪಾಲು ಮಾಡುತ್ತವೆ. ಒಂದೊಂದು ಕೋಣೆಯಲ್ಲಿ 1ರಿಂದ 4 ನಳಿಕೆ.

ಅಷ್ಟು ಚಿಕ್ಕ ಜಾಗದಲ್ಲಿ ಎಷ್ಟು ಉದ್ದದ ನಳಿಕೆ ಹಿಡಿಸುತ್ತದೆ?

ಒಂದು ನಳಿಕೆ ಬಿಚ್ಚಿದರೆ 30ರಿಂದ 80 ಸೆಂ.ಮೀ. ಆಗುತ್ತದೆ. ದಪ್ಪ ಮಾತ್ರ ಒಂದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟು. ಒಂದೇ ವೃಷಣದ ಎಲ್ಲ ನಳಿಕೆ ಬಿಚ್ಚಿ ಸಾಲಾಗಿ ಜೋಡಿಸಿದರೆ ನೂರಾರು ಮೀಟರ್.

ನಳಿಕೆಯ ಒಳಗೆ ನಿಜಕ್ಕೂ ನಡೆಯುವುದೇನು?

ನಳಿಕೆಯ ಗೋಡೆಯಲ್ಲಿ ಎರಡು ಥರದ ಜೀವಕೋಶ ಇವೆ. ಒಂದು, ವೀರ್ಯಾಣುವಾಗಿ ಬೆಳೆಯುವವು. ಇನ್ನೊಂದು, ಅವನ್ನು ಸಾಕುವ ಸರ್ಟೋಲಿ ಕೋಶಗಳು. 1865ರಲ್ಲಿ ಎನ್ರಿಕೊ ಸರ್ಟೋಲಿ ಅನ್ನುವ ಇಟಲಿಯವರು ಇವನ್ನು ವಿವರಿಸಿದರು, ಆಗ ಅವರಿಗೆ 23 ವರ್ಷ. ಇದನ್ನು ಹೇಳಿದಾಗ ನನ್ನ ಎರಡನೇ ಬೆಂಚಿನವರು ಯಾಕೋ ನೆಟ್ಟಗೆ ಕೂರುತ್ತಾರೆ.

ವೀರ್ಯಾಣುವಿಗೆ ಮೂಲವಾದ ಬುಡದ ಕೋಶಗಳು ನಳಿಕೆಯ ಹೊರ ಅಂಚಿಗೆ ಅಂಟಿಕೊಂಡಿರುತ್ತವೆ. ಅವು ಒಡೆದು ಒಡೆದು ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ. ಅವುಗಳಲ್ಲಿ ಕೆಲವು ಒಳಗಡೆಗೆ ಸರಿಯುತ್ತಾ 46 ಕ್ರೋಮೊಸೋಮನ್ನು 23ಕ್ಕೆ ಇಳಿಸಿಕೊಂಡು, ಮೊದಲು ಗುಂಡಗಿದ್ದು, ಆಮೇಲೆ ತಲೆ ಬಾಲ ಮೂಡಿಸಿಕೊಂಡು ನಳಿಕೆಯ ನಡುವಿನ ಖಾಲಿ ಜಾಗಕ್ಕೆ ಬೀಳುತ್ತವೆ. ಇಡೀ ಪಯಣಕ್ಕೆ ಸುಮಾರು 64 ದಿನ ಬೇಕು. ದಿನಕ್ಕೆ ಹತ್ತು ಕೋಟಿಯ ಆಸುಪಾಸು ವೀರ್ಯಾಣು ತಯಾರಾಗುತ್ತವೆ.

ಸರ್ಟೋಲಿ ಕೋಶಗಳು ಹೊರ ಅಂಚಿನಿಂದ ನಡುವಿನವರೆಗೂ ಎತ್ತರಕ್ಕೆ ನಿಂತಿರುತ್ತವೆ. ಬೆಳೆಯುವ ಕೋಶಗಳಿಗೆ ಆಹಾರ ಕೊಡುವುದು, ಉದುರಿದ ಚೂರುಗಳನ್ನು ನುಂಗಿ ಚೊಕ್ಕ ಮಾಡುವುದು, ದ್ರವ ಸುರಿಸಿ ತಯಾರಾದವನ್ನು ಮುಂದಕ್ಕೆ ತಳ್ಳುವುದು, ಎಲ್ಲ ಇವುಗಳದ್ದೇ. ಇನ್ನೊಂದು ದೊಡ್ಡ ಕೆಲಸ ಕಾವಲು. ಅಕ್ಕಪಕ್ಕದ ಸರ್ಟೋಲಿ ಕೋಶಗಳು ಬಿಗಿಯಾಗಿ ಬೆಸೆದುಕೊಂಡು ರಕ್ತಕ್ಕೂ ಬೆಳೆಯುವ ವೀರ್ಯಾಣುವಿಗೂ ನಡುವೆ ತಡೆ ಕಟ್ಟುತ್ತವೆ. ಯಾಕೆ ಬೇಕು ಇದು? ನಮ್ಮ ರೋಗನಿರೋಧಕ ವ್ಯವಸ್ಥೆ ಹುಟ್ಟಿನ ಹೊತ್ತಿಗೇ "ಇದು ನನ್ನದು, ಇದು ಪರದ್ದು" ಅಂತ ಕಲಿಯಲು ಶುರುಮಾಡಿರುತ್ತದೆ. ವೀರ್ಯಾಣು ಹುಟ್ಟುವುದು ಹರೆಯಕ್ಕೆ ಬಂದ ಮೇಲೆ. ಹಾಗಾಗಿ ಅದರ ಮೈಮೇಲಿನ ಪ್ರೋಟೀನುಗಳು ದೇಹಕ್ಕೆ ಪರಿಚಯವೇ ಇರುವುದಿಲ್ಲ. ತಡೆ ಒಡೆದರೆ ದೇಹ ತನ್ನ ವೀರ್ಯಾಣುವಿನ ಮೇಲೆ ತಾನೇ ಏರಿ ಹೋಗಬಹುದು.

ಹಾಗಾದರೆ ಗಡ್ಡ, ದನಿ, ಇವಕ್ಕೆಲ್ಲ ಬೇಕಾದ ಹಾರ್ಮೋನ್ ಎಲ್ಲಿ ಆಗುತ್ತದೆ?

ನಳಿಕೆಯ ಹೊರಗೆ. ನಳಿಕೆ ನಳಿಕೆಗಳ ನಡುವೆ ಉಳಿಯುವ ಸಂದಿಯಲ್ಲಿ ಲೇಡಿಗ್ ಕೋಶಗಳು ಗುಂಪು ಗುಂಪಾಗಿ ಇರುತ್ತವೆ. ಜರ್ಮನಿಯ ಫ್ರಾಂಝ್ ಲೇಡಿಗ್ 1850ರಲ್ಲಿ ಇವನ್ನು ವಿವರಿಸಿದರು. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಅನ್ನುವ ಹಾರ್ಮೋನ್ ಕಳಿಸಿದಾಗ ಇವು ಟೆಸ್ಟೋಸ್ಟೆರೋನ್ ತಯಾರಿಸುತ್ತವೆ. ಪಕ್ಕದಲ್ಲೇ ರಕ್ತನಾಳ ಇದೆ, ನೇರ ರಕ್ತಕ್ಕೆ ಸೇರುತ್ತದೆ. ಕೊಳವೆಯ ಹಂಗೇ ಇಲ್ಲ.

ನಸ್‌ಬಂದಿ (ಗಂಡಸರ ಸಂತಾನಹರಣ ಆಪರೇಷನ್) ಮಾಡಿಸಿದರೆ ಗಂಡಸು ಎತ್ತಾಗ್ತಾನೆ ಅಂತಾರಲ್ಲ?

ಈ ಹೆದರಿಕೆಗೆ ನಮ್ಮಲ್ಲಿ ಕೊಟ್ಟಿಗೆಯೇ ಕಾರಣ ಅಂತ ನನ್ನ ಅನಿಸಿಕೆ. ಹೋರಿಗೆ ಬೀಜ ಒಡೆಸುವುದನ್ನು ಚಿಕ್ಕಂದಿನಿಂದ ನೋಡಿದವರು "ಅಲ್ಲಿ ಕತ್ತರಿ ಹಾಕಿದರೆ ಇದೇ ಗತಿ" ಅಂದುಕೊಳ್ಳುತ್ತಾರೆ. ಎರಡೂ ಬೇರೆ ಬೇರೆ.

ಪಶು ಡಾಕ್ಟರು ತರುವ ಬರ್ಡಿಜೋ ಇಕ್ಕಳ ನೋಡಿದ್ದೀರಲ್ಲ? ಹೆಸರು ಒಡೆಸುವುದು ಅಂತಿದ್ದರೂ ಅದರಲ್ಲಿ ಬೀಜವನ್ನು ಒಡೆಯುವುದಿಲ್ಲ. ಬೀಜದ ಮೇಲಿನ ಹುರಿಯನ್ನು ಚರ್ಮದ ಹೊರಗಿನಿಂದಲೇ ಒತ್ತಿ ಜಜ್ಜುತ್ತಾರೆ. ಆ ಹುರಿಯಲ್ಲಿ ರಕ್ತನಾಳ, ನರ, ವೀರ್ಯನಾಳ ಎಲ್ಲ ಇವೆ. ರಕ್ತ ನಿಂತರೆ ನಳಿಕೆಯ ಒಳಗಿನದ್ದೂ ಸಾಯುತ್ತದೆ, ಹೊರಗಿನ ಲೇಡಿಗ್ ಕೋಶವೂ ಸಾಯುತ್ತದೆ. ಕೆಲವು ವಾರದಲ್ಲಿ ಬೀಜ ಸೊರಗುತ್ತದೆ, ಹಾರ್ಮೋನ್ ನಿಲ್ಲುತ್ತದೆ, ಹೋರಿಯ ಪೊಗರು ಇಳಿಯುತ್ತದೆ.

ಗಂಡಸರ ಶಸ್ತ್ರಚಿಕಿತ್ಸೆಯಲ್ಲಿ ಅದೇ ಹುರಿಯಿಂದ ವೀರ್ಯನಾಳ ಒಂದನ್ನೇ ಬಿಡಿಸಿ ತೆಗೆದು, ತುಂಡು ಮಾಡಿ ಕಟ್ಟುತ್ತಾರೆ. ರಕ್ತನಾಳವನ್ನು ಮುಟ್ಟುವುದೇ ಇಲ್ಲ. ಹಾರ್ಮೋನ್ ರಕ್ತದ ದಾರಿಯಲ್ಲಿ ಮೊದಲಿನಂತೆಯೇ ಹೋಗುತ್ತಿರುತ್ತದೆ. ನಳಿಕೆಯಲ್ಲಿ ವೀರ್ಯಾಣುವೂ ಆಗುತ್ತಲೇ ಇರುತ್ತದೆ, ಹೊರಗೆ ಹೋಗಲಾಗದೆ ದೇಹದಲ್ಲೇ ಕರಗುತ್ತದೆ. ವೀರ್ಯದ ಪ್ರಮಾಣದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸವೂ ಆಗುವುದಿಲ್ಲ. ಯಾಕಂದರೆ ಅದರಲ್ಲಿ ಬಹುಪಾಲು ವೀರ್ಯಕೋಶ (ಸೆಮಿನಲ್ ವೆಸಿಕಲ್) ಮತ್ತು ಪ್ರಾಸ್ಟೇಟ್ ಅನ್ನುವ ಗ್ರಂಥಿಗಳಿಂದ ಬರುವ ದ್ರವ, ವೃಷಣದ ಪಾಲು ತೀರಾ ಕಡಿಮೆ.

ಒಂದೇ ಎಚ್ಚರಿಕೆ. ಕತ್ತರಿಸಿದ ಜಾಗದಿಂದ ಮುಂದೆ ಹಳೆಯ ವೀರ್ಯಾಣು ಉಳಿದಿರುತ್ತವೆ. ಸುಮಾರು ಮೂರು ತಿಂಗಳಾದ ಮೇಲೆ ವೀರ್ಯ ಪರೀಕ್ಷೆ ಮಾಡಿಸಿ, ಏನೂ ಇಲ್ಲ ಅಂತ ಗೊತ್ತಾಗುವವರೆಗೆ ಬೇರೆ ಕ್ರಮ ಬೇಕೇ ಬೇಕು. "ಆಪರೇಷನ್ ಆದ ಮೇಲೂ ಮಗು ಆಯ್ತು" ಅನ್ನುವ ಕತೆಗಳಲ್ಲಿ ಎಷ್ಟೋ ಈ ಮೂರು ತಿಂಗಳದ್ದು. ಅದಕ್ಕೆ ಹೆಂಡತಿಯ ಮೇಲೆ ಅನುಮಾನ ಪಡುವವರನ್ನೂ ನೋಡಿದ್ದೇವೆ, ಅಲ್ವಾ?

ಜಿಮ್‌ನಲ್ಲಿ ಟೆಸ್ಟೋಸ್ಟೆರೋನ್ ಇಂಜೆಕ್ಷನ್ ತಗೊಂಡರೆ ಒಳ್ಳೆಯದೇ ಆಗಬೇಕಲ್ವಾ?

ಆಗುವುದಿಲ್ಲ. ಹೊರಗಿನಿಂದ ಹಾರ್ಮೋನ್ ಬಂದ ಕೂಡಲೇ ಪಿಟ್ಯುಟರಿ "ಸಾಕಷ್ಟಿದೆ" ಅಂತ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ (ವೀರ್ಯಾಣು ತಯಾರಿಗೆ ಬೇಕಾದ ಇನ್ನೊಂದು ಹಾರ್ಮೋನ್) ಕಳಿಸುವುದನ್ನು ನಿಲ್ಲಿಸುತ್ತದೆ. ಲೇಡಿಗ್ ಕೋಶ ಸುಮ್ಮನಾಗುತ್ತದೆ. ವೀರ್ಯಾಣು ಬೆಳೆಯಲಿಕ್ಕೆ ವೃಷಣದ ಒಳಗೆ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಟೆಸ್ಟೋಸ್ಟೆರೋನ್ ಇರಬೇಕು. ತೋಳಿಗೆ ಚುಚ್ಚಿದ್ದು ಆ ಮಟ್ಟ ಮುಟ್ಟುವುದಿಲ್ಲ. ತೋಳು ದಪ್ಪ, ಬೀಜ ಸಣ್ಣ, ವೀರ್ಯಾಣುವಿನ ಎಣಿಕೆ ಸೊನ್ನೆಯ ಹತ್ತಿರ. ನಿಲ್ಲಿಸಿದರೆ ಹೆಚ್ಚಿನವರಿಗೆ ಮರಳುತ್ತದೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಮದುವೆ ಗೊತ್ತಾದ ಹುಡುಗರು ಇದನ್ನು ಎರಡು ಸಲ ಓದಿ.

ತಯಾರಾದ ವೀರ್ಯಾಣು ಹೊರಗೆ ಹೋಗುವ ದಾರಿ ಹೇಗಿದೆ?

ನಳಿಕೆಗಳ ಎರಡೂ ತುದಿ ಹಿಂಭಾಗದ ಮೀಡಿಯಾಸ್ಟೈನಮ್ ಕಡೆಗೆ ಬರುತ್ತವೆ. ಅಲ್ಲಿ ಜಾಲದ ಥರ ಹರಡಿದ ರೀಟೆ ಟೆಸ್ಟಿಸ್ ಇದೆ. ಅಲ್ಲಿಂದ ಹತ್ತು ಹದಿನೈದು ಸಣ್ಣ ನಾಳಗಳು ಬಿಳಿ ಕವಚವನ್ನು ತೂರಿ ಮೇಲಕ್ಕೆ ಹೊರಟು ಎಪಿಡಿಡಿಮಿಸ್‌ನ ತಲೆ ಸೇರುತ್ತವೆ. ಬೀಜದ ಹಿಂದೆ ಬೆರಳಿಗೆ ಮೆತ್ತಗೆ, ಉದ್ದಕ್ಕೆ ಸಿಗುವ ದಿಂಡು ಇದೇ. "ಗಂಟು ಸಿಕ್ಕಿತು" ಅಂತ ಹೆದರಿ ಬರುವ ಹುಡುಗರಲ್ಲಿ ಎಷ್ಟೋ ಜನ ಇದನ್ನೇ ಮುಟ್ಟಿರುತ್ತಾರೆ. ಅದರೊಳಗೆ ಒಂದೇ ನಾಳ ಸುತ್ತಿ ಸುತ್ತಿ ಕೂತಿದೆ, ಬಿಚ್ಚಿದರೆ ಸುಮಾರು 6 ಮೀಟರ್. ವೃಷಣದಿಂದ ಬರುವಾಗ ವೀರ್ಯಾಣುವಿಗೆ ಈಜಲಿಕ್ಕೆ ಬರುವುದಿಲ್ಲ. ಈ 6 ಮೀಟರ್ ದಾಟುವಷ್ಟರಲ್ಲಿ ಆ ಶಕ್ತಿ ಬರುತ್ತದೆ. ಈ ದಿಂಡಿನ ಬಾಲದ ಭಾಗದಲ್ಲಿ ಶೇಖರವಾಗಿ, ಮುಂದೆ ವೀರ್ಯನಾಳಕ್ಕೆ.

ಇಷ್ಟು ಬೆಲೆಬಾಳುವುದನ್ನು ದೇಹದ ಹೊರಗೆ ಯಾಕೆ ನೇತುಹಾಕಿದೆ? ಹಂಡೆ ನೀರಿನ ಸ್ನಾನದಿಂದ ತೊಂದರೆ ಇದೆಯಾ?

ವೀರ್ಯಾಣು ಸರಿಯಾಗಿ ಬೆಳೆಯಲು ಮೈಯ ಬಿಸಿಗಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್ ತಂಪು ಬೇಕು. ಹೊರಗೆ ಇಟ್ಟದ್ದಷ್ಟೇ ಸಾಲದು ಅಂತ ಇನ್ನೊಂದು ಏರ್ಪಾಡೂ ಇದೆ. ಕೆಳಗಿಳಿಯುವ ಬಿಸಿ ರಕ್ತದ ಧಮನಿಯನ್ನು ಮೇಲೇರುವ ಅಭಿಧಮನಿಗಳ ಜಾಲ ಸುತ್ತುವರಿದಿದೆ. ಮೇಲೇರುವ ತಣ್ಣನೆಯ ರಕ್ತ ಕೆಳಗಿಳಿಯುವುದರ ಬಿಸಿ ಹೀರಿಕೊಳ್ಳುತ್ತದೆ. ವೃಷಣ ಮುಟ್ಟುವಷ್ಟರಲ್ಲಿ ರಕ್ತ ತಂಪಾಗಿರುತ್ತದೆ.

ಹಂಡೆ ನೀರು ಚೊಂಬಿನಲ್ಲಿ ಹುಯ್ದುಕೊಂಡರೆ ಏನೂ ಆಗುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಬಚ್ಚಲೊಲೆ ಬಿಟ್ಟರೆ ಬದುಕು ಹೇಗೆ? ಬಿಸಿನೀರಿನ ತೊಟ್ಟಿಯಲ್ಲಿ ದಿನಾ ಬಹಳ ಹೊತ್ತು ಮುಳುಗಿ ಕೂರುವುದು, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಗಂಟೆಗಟ್ಟಲೆ ಕೆಲಸ ಮಾಡುವುದು ಬೇರೆ ಮಾತು. ಮಗುವಿಗೆ ಪ್ರಯತ್ನಿಸುವವರು ಅದನ್ನು ಬಿಡುವುದು ಒಳ್ಳೆಯದು. ಇನ್ನು ಜೋರು ಜ್ವರ ಬಂದು ಹೋದರೆ ಅದರ ಪೆಟ್ಟು ವಾರಗಳ ನಂತರದ ವೀರ್ಯ ಪರೀಕ್ಷೆಯಲ್ಲಿ ಕಾಣುತ್ತದೆ. ಆ 64 ದಿನದ ಲೆಕ್ಕ ನೆನಪಿದೆಯಲ್ಲ? ಜ್ವರ ಬಿಟ್ಟ ತಿಂಗಳಿಗೇ ಪರೀಕ್ಷೆ ಮಾಡಿಸಿ ಎದೆ ಒಡೆದುಕೊಳ್ಳಬೇಡಿ. ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿ.

ಪೆಟ್ಟು ಬಿದ್ದದ್ದು ಕೆಳಗೆ, ಹೊಟ್ಟೆಯಲ್ಲಿ ಯಾಕೆ ಸಂಕಟ?

ವೃಷಣ ಹುಟ್ಟಿದ ಊರು ಹೊಟ್ಟೆ. ಗರ್ಭದಲ್ಲಿ ಅದು ಮೂತ್ರಪಿಂಡದ ಹತ್ತಿರ ಬೆಳೆದು, ಏಳನೇ ತಿಂಗಳ ಸುಮಾರಿಗೆ ತೊಡೆಸಂದಿನ ಕಾಲುವೆ ಹಾದು ಚೀಲಕ್ಕೆ ಇಳಿಯುತ್ತದೆ. ಇಳಿಯುವಾಗ ತನ್ನ ರಕ್ತನಾಳ, ನರ ಎಲ್ಲವನ್ನೂ ಜೊತೆಗೇ ಎಳೆದುಕೊಂಡು ಬರುತ್ತದೆ. ಅದಕ್ಕೇ ಅದರ ಧಮನಿ ಈಗಲೂ ಮೂತ್ರಪಿಂಡದ ಮಟ್ಟದಲ್ಲಿ ಮಹಾಧಮನಿಯಿಂದ ಹೊರಡುತ್ತದೆ. ನೋವಿನ ಸುದ್ದಿಯೂ ಹಳೆಯ ದಾರಿಯಲ್ಲೇ ಹೋಗುತ್ತದೆ. ಹೊಟ್ಟೆ ತೊಳಸುವುದು, ವಾಂತಿ ಬಂದಂತಾಗುವುದು ಅದರಿಂದ. ಇದರ ತಿರುಗುಮುರುಗೂ ಉಂಟು: ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡವರು ಬೀಜ ನೋಯುತ್ತದೆ ಅಂತ ಬರುತ್ತಾರೆ.

ಕಬಡ್ಡಿಯಲ್ಲೋ, ಅಡಿಕೆ ಕೊನೆ ಇಳಿಸುವ ಕೊನೆಗೌಡರು ಮರದಿಂದ ಜಾರಿದಾಗಲೋ ಜೋರು ಪೆಟ್ಟು ಬಿದ್ದು ಚೀಲ ಊದಿ ಕಪ್ಪಾದರೆ ಬಿಳಿ ಕವಚ ಒಡೆದಿರಬಹುದು. ಅರಿಶಿನ ಹಚ್ಚಿ ಮಲಗಬೇಡಿ. ಅದೇ ದಿನ ಸ್ಕ್ಯಾನ್ ಆಗಬೇಕು.

ಮಗುವಿಗೆ ಒಂದೇ ಬೀಜ ಕಾಣುತ್ತಿದೆ. ಅಜ್ಜಿ "ದೊಡ್ಡವನಾದ ಮೇಲೆ ಇಳಿಯುತ್ತೆ ಬಿಡು" ಅಂತಾರೆ. ಕಾಯಬಹುದಾ?

ಅಜ್ಜಿಯ ಮಾತು ಆರು ತಿಂಗಳವರೆಗೆ ಸರಿ. ತಿಂಗಳು ತುಂಬಿ ಹುಟ್ಟಿದ ಗಂಡುಮಕ್ಕಳಲ್ಲಿ ಸುಮಾರು ನೂರಕ್ಕೆ ಮೂವರಿಗೆ ಹೀಗಿರುತ್ತದೆ, ಅವಧಿಗೆ ಮುಂಚೆ ಹುಟ್ಟಿದವರಲ್ಲಿ ಇನ್ನೂ ಜಾಸ್ತಿ. ಎಷ್ಟೋ ಮಕ್ಕಳಿಗೆ ಮೊದಲ ತಿಂಗಳುಗಳಲ್ಲಿ ತಾನಾಗಿ ಇಳಿಯುತ್ತದೆ. ಆರು ತಿಂಗಳಾದರೂ ಇಳಿಯದಿದ್ದರೆ ಮಕ್ಕಳ ಸರ್ಜನ್‌ಗೆ ತೋರಿಸಬೇಕು. ಶಸ್ತ್ರಚಿಕಿತ್ಸೆಗೆ ಒಳ್ಳೆಯ ಕಾಲ 6ರಿಂದ 18 ತಿಂಗಳು. ಹೊಟ್ಟೆಯ ಬಿಸಿಯಲ್ಲಿ ಉಳಿದಷ್ಟೂ ನಳಿಕೆಯ ಬುಡದ ಕೋಶಗಳು ಕಮ್ಮಿಯಾಗುತ್ತವೆ, ಮುಂದೆ ಕ್ಯಾನ್ಸರ್ ಸಾಧ್ಯತೆಯೂ ಹೆಚ್ಚು.

ಮನೆಯಲ್ಲಿ ನೋಡುವುದಾದರೆ ಬಿಸಿನೀರಿನ ಸ್ನಾನ ಆದ ಮೇಲೆ, ಮಗು ಬೆಚ್ಚಗಿರುವಾಗ ನೋಡಿ. ಚಳಿಯಲ್ಲಿ ಕ್ರಿಮಾಸ್ಟರ್ ಎಳೆದುಕೊಂಡು ಬೀಜ ಮೇಲೆ ಅಡಗಿರುತ್ತದೆ. ಬೆಚ್ಚಗಾದಾಗ ಕೆಳಗೆ ಬಂದು ಅಲ್ಲೇ ನಿಂತರೆ ಗಾಬರಿ ಇಲ್ಲ, ಆದರೂ ವರ್ಷಕ್ಕೊಮ್ಮೆ ಡಾಕ್ಟರ ಕೈಗೆ ತೋರಿಸಿ.

ಹುಡುಗನಿಗೆ ರಾತ್ರಿ ಇದ್ದಕ್ಕಿದ್ದಂತೆ ಒಂದು ಕಡೆ ವಿಪರೀತ ನೋವು. ಬೆಳಗಿನವರೆಗೆ ನೋಡಬಹುದಾ?

ಬೇಡ. ಈ ಪುಟದಲ್ಲಿ ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ಬೀಜ ಹಿಂಭಾಗದಲ್ಲಿ ಚೀಲಕ್ಕೆ ಅಂಟಿಕೊಂಡಿರಬೇಕು. ಕೆಲವರಲ್ಲಿ ಟ್ಯೂನಿಕಾ ವಜೈನಾಲಿಸ್ ಸುತ್ತಲೂ ಆವರಿಸಿ, ಬೀಜ ಎಲ್ಲೂ ಅಂಟದೆ ಒಳಗೆ ತೂಗುತ್ತಿರುತ್ತದೆ. ಹುಟ್ಟಿನಿಂದ ಬಂದದ್ದು, ಯಾರಿಗೂ ಗೊತ್ತಿರುವುದಿಲ್ಲ. ಒಂದು ದಿನ, ಎಷ್ಟೋ ಸಲ ನಿದ್ದೆಯಲ್ಲೇ, ಅದು ಹುರಿಯ ಮೇಲೆ ತಿರುಚಿಕೊಳ್ಳುತ್ತದೆ. ರಕ್ತ ನಿಲ್ಲುತ್ತದೆ. 12ರಿಂದ 18 ವರ್ಷದವರಲ್ಲಿ ಹೆಚ್ಚು. ನೋವಿನ ಜೊತೆ ವಾಂತಿ, ಆ ಕಡೆಯ ಬೀಜ ಮೇಲಕ್ಕೆ ಸರಿದು ಅಡ್ಡವಾಗಿ ಕೂತಿರುವುದು, ತೊಡೆ ಗೀರಿದರೂ ಜಿಗಿಯದಿರುವುದು, ಇವು ಗುರುತು.

6 ಗಂಟೆಯ ಒಳಗೆ ಬಿಡಿಸಿದರೆ ಹೆಚ್ಚಿನವರಲ್ಲಿ ಉಳಿಯುತ್ತದೆ. 24 ಗಂಟೆ ದಾಟಿದರೆ ಉಳಿಯುವುದು ಅಪರೂಪ. ಈ 6 ಗಂಟೆ ನೋವು ಶುರುವಾದ ಹೊತ್ತಿನಿಂದ ಲೆಕ್ಕ, ಆಸ್ಪತ್ರೆ ಬಾಗಿಲಿನಿಂದ ಅಲ್ಲ. ತೀರ್ಥಹಳ್ಳಿಯಿಂದ ಶಿವಮೊಗ್ಗ ಸುಮಾರು 60 ಕಿ.ಮೀ., ಆಗುಂಬೆ ಕಡೆಯಿಂದ ಇನ್ನೂ ದೂರ. ಆಷಾಢದ ಮಳೆಯಲ್ಲಿ ಮರ ಬಿದ್ದು ರಸ್ತೆ ಕಟ್ಟಿದರೆ ಕೇಳುವುದೇ ಬೇಡ. ಶರಾವತಿ ಹಿನ್ನೀರಿನ ಆಚೆಯ ತುಮರಿಯವರಿಗೆ 2025ರಲ್ಲಿ ಸೇತುವೆ ಆದ ಮೇಲೆ ಲಾಂಚ್ ಕಾಯುವುದಾದರೂ ತಪ್ಪಿತು. ಹಾಗಾಗಿ ನೋವಿನ ಮಾತ್ರೆ ನುಂಗಿಸಿ ಬೆಳಗು ಕಾಯಬೇಡಿ. ಹೊರಡುವ ಮೊದಲು ಫೋನ್ ಮಾಡಿ, ರಾತ್ರಿ ಆಪರೇಷನ್ ಮಾಡುವ ಸರ್ಜನ್ ಎಲ್ಲಿದ್ದಾರೆ ಅಂತ ಕೇಳಿಕೊಂಡು ನೇರ ಅಲ್ಲಿಗೇ ಹೋಗಿ. ಮಗನಿಗೆ ಏನೂ ತಿನ್ನಿಸಬೇಡಿ, ಅರಿವಳಿಕೆಗೆ ಹೊಟ್ಟೆ ಖಾಲಿ ಇರಬೇಕು. ಆಪರೇಷನ್‌ನಲ್ಲಿ ಇನ್ನೊಂದು ಕಡೆಯದ್ದನ್ನೂ ಹೊಲಿದು ನಿಲ್ಲಿಸುತ್ತಾರೆ. ಒಂದು ಕಡೆ ಹಾಗಿದ್ದರೆ ಇನ್ನೊಂದೂ ಸಾಮಾನ್ಯವಾಗಿ ಹಾಗೇ ಇರುತ್ತದೆ.

ಹುಡುಗರು ನಾಚಿಕೆಗೆ "ಹೊಟ್ಟೆನೋವು" ಅಂತ ಮಾತ್ರ ಹೇಳುತ್ತಾರೆ. ಆ ವಯಸ್ಸಿನ ಹುಡುಗ ಹೊಟ್ಟೆನೋವು ಅಂದರೆ "ಕೆಳಗೂ ನೋಯ್ತಿದೆಯಾ?" ಅಂತ ಕೇಳಿ. ಅಪ್ಪ ಕೇಳದಿದ್ದರೆ ಅಮ್ಮ ಕೇಳಲಿ.

ನರ ಊದುವುದು, ವೇರಿಕೋಸಿಲ್, ಯಾಕೆ ಎಡಗಡೆಗೇ ಬರುತ್ತದೆ?

ಊದುವುದು ನರ ಅಲ್ಲ, ಅಭಿಧಮನಿ. ಬಲಗಡೆಯದ್ದು ಓರೆಯಾಗಿ ನೇರ ಮಹಾಸಿರೆಗೆ ಸೇರುತ್ತದೆ. ಎಡಗಡೆಯದ್ದು ಇನ್ನೂ ಮೇಲೆ ಹೋಗಿ, ಎಡ ಮೂತ್ರಪಿಂಡದ ಸಿರೆಗೆ ಲಂಬಕೋನದಲ್ಲಿ ಸೇರಬೇಕು. ದಾರಿ ಉದ್ದ, ಒತ್ತಡ ಜಾಸ್ತಿ. ರಕ್ತ ಹಿಂದಕ್ಕೆ ನಿಂತು ಜಾಲ ಉಬ್ಬುತ್ತದೆ. ನೂರಕ್ಕೆ ಸುಮಾರು 15 ಗಂಡಸರಲ್ಲಿ ಇರುತ್ತದೆ, ಬಹಳ ಮಂದಿಗೆ ತೊಂದರೆ ಕೊಡುವುದೇ ಇಲ್ಲ. ಬಲಗಡೆಗೆ ಮಾತ್ರ ಬಂದರೆ, ಅಥವಾ ಮಲಗಿದರೂ ಇಳಿಯದಿದ್ದರೆ ಡಾಕ್ಟರು ಹೊಟ್ಟೆಯ ಸ್ಕ್ಯಾನ್ ಬರೆಯುತ್ತಾರೆ. ಮೇಲೆ ಯಾವುದಾದರೂ ಗಡ್ಡೆ ಸಿರೆಯನ್ನು ಒತ್ತುತ್ತಿದೆಯಾ ಅಂತ ನೋಡಲಿಕ್ಕೆ.

ನೀರು ತುಂಬಿಕೊಂಡು ದಪ್ಪವಾಗುವುದು?

ಹೈಡ್ರೋಸಿಲ್. ಟ್ಯೂನಿಕಾ ವಜೈನಾಲಿಸ್‌ನ ಎರಡು ಪೊರೆಗಳ ನಡುವೆ ದ್ರವ ಜಾಸ್ತಿಯಾಗುವುದು. ಟಾರ್ಚ್ ಹಿಡಿದರೆ ಬೆಳಕು ಆಚೆ ಹಾಯುತ್ತದೆ. ಮಕ್ಕಳಲ್ಲಿ ಹೊಟ್ಟೆಯಿಂದ ಇಳಿದ ದಾರಿ ಮುಚ್ಚದೆ ಉಳಿದು ಬರುತ್ತದೆ, ಹೆಚ್ಚಾಗಿ ವರ್ಷ ಎರಡು ವರ್ಷದಲ್ಲಿ ತಾನೇ ಹೋಗುತ್ತದೆ. ಘಟ್ಟದ ಕೆಳಗೆ ಕರಾವಳಿಯಲ್ಲಿ ಆನೆಕಾಲು ರೋಗದ ಹುಳುವಿನಿಂದಲೂ ಬರುವುದುಂಟು. ಸೂಜಿಯಲ್ಲಿ ನೀರು ತೆಗೆಸಿದರೆ ಮತ್ತೆ ತುಂಬುತ್ತದೆ, ಪೊರೆಗೇ ಶಸ್ತ್ರಚಿಕಿತ್ಸೆ ಆಗಬೇಕು.

ಮಂಗನ ಬಾವು ಬಂದರೆ ಮಕ್ಕಳಾಗುವುದಿಲ್ಲವಂತೆ, ನಿಜವಾ?

ಮೊದಲು ಒಂದು ಗೊಂದಲ ಬಗೆಹರಿಸೋಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿ ಈಗಲೂ ನಮ್ಮನ್ನು ಕಾಡುವ ಮಂಗನ ಕಾಯಿಲೆ ಬೇರೆ. ಅದು ಉಣುಗಿನಿಂದ ಬರುತ್ತದೆ. ಮಂಗನ ಬಾವು ಕೆನ್ನೆ ಊದುವ ಕಾಯಿಲೆ. ಅದು ಮನುಷ್ಯರಿಂದ ಮನುಷ್ಯರಿಗೆ ಹರಡುತ್ತದೆ.

ಹರೆಯಕ್ಕೆ ಬಂದ ಮೇಲೆ ಮಂಗನ ಬಾವು ಬಂದ ಗಂಡಸರಲ್ಲಿ ನೂರಕ್ಕೆ 15ರಿಂದ 30 ಮಂದಿಗೆ ವೃಷಣವೂ ಊದುತ್ತದೆ. ಹೆಚ್ಚಾಗಿ ಒಂದೇ ಕಡೆ. ಇಲ್ಲಿ ಬರುತ್ತದೆ ಆ ಹಿಗ್ಗದ ಬಿಳಿ ಕವಚ. ಒಳಗೆ ಬಾವು, ಹೊರಗೆ ಬಗ್ಗದ ಗೋಡೆ. ಒತ್ತಡ ಏರಿ ನಳಿಕೆಗಳು ನಲುಗುತ್ತವೆ. ಅಸಾಧ್ಯ ನೋವಿಗೂ ಅದೇ ಕಾರಣ. ಕೆಲವರಲ್ಲಿ ಆಮೇಲೆ ಆ ಬೀಜ ಸಣ್ಣದಾಗುತ್ತದೆ. ಆದರೆ ಇನ್ನೊಂದು ಚೆನ್ನಾಗಿರುವುದರಿಂದ ಪೂರ್ತಿ ಬಂಜೆತನ ಅಪರೂಪ. ಚಿಕ್ಕ ಹುಡುಗರಲ್ಲಿ ವೃಷಣಕ್ಕೆ ಹೋಗುವುದೇ ಕಡಿಮೆ. ಸರ್ಕಾರಿ ಲಸಿಕೆ ಪಟ್ಟಿಯಲ್ಲಿರುವ ಎಂಆರ್‌ನಲ್ಲಿ (ದಡಾರ, ರುಬೆಲ್ಲಾ ಲಸಿಕೆ) ಮಂಗನ ಬಾವಿನ ಲಸಿಕೆ ಇಲ್ಲ. ಅದು ಬೇಕಾದರೆ ಮಕ್ಕಳ ಡಾಕ್ಟರ ಹತ್ತಿರ ಮೂರೂ ಸೇರಿದ ಎಂಎಂಆರ್ ಕೇಳಿ.

ಉಂಬಳ (ಜಿಗಣೆ) ಕಚ್ಚಿದರೆ ಬೀಜಕ್ಕೆ ಅಪಾಯವಾ?

ನಗಬೇಡಿ, ಬಹಳ ಜನ ಕೇಳಿದ್ದಾರೆ. ಉಂಬಳ ಕಚ್ಚುವುದು ಚರ್ಮಕ್ಕೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇದೆ, ಚೀಲದ ಚರ್ಮವೂ ತೆಳು. ಅದಕ್ಕೇ ಪಂಚೆ ಕೆಂಪಾಗುವಷ್ಟು ಸೋರುತ್ತದೆ. ಚೊಕ್ಕ ಬಟ್ಟೆ ಒತ್ತಿ ಹಿಡಿದರೆ ನಿಲ್ಲುತ್ತದೆ. ಮೇಲೆ ಹೇಳಿದ ಪದರಗಳನ್ನೆಲ್ಲ ದಾಟಿ ಒಳಗೆ ಹೋಗುವ ಉಂಬಳ ಇನ್ನೂ ಹುಟ್ಟಿಲ್ಲ.

ನೋವಿಲ್ಲದ ಗಂಟು ಸಿಕ್ಕಿದೆ. ನೋವಿಲ್ಲ ಅಂದಮೇಲೆ ಬಿಡಬಹುದಲ್ಲ?

ನೋವಿಲ್ಲದ್ದೇ ಇಲ್ಲಿ ಅನುಮಾನದ ಗುರುತು. ವೃಷಣದ ಕ್ಯಾನ್ಸರ್ ಹೆಚ್ಚಾಗಿ 15ರಿಂದ 35 ವರ್ಷದವರಿಗೆ ಬರುತ್ತದೆ, ಬಹುಪಾಲು ನಳಿಕೆಯ ಒಳಗಿನ ಕೋಶಗಳಿಂದಲೇ ಶುರುವಾಗುತ್ತದೆ. ಬೇಗ ಸಿಕ್ಕರೆ ಪೂರ್ತಿ ಗುಣವಾಗುವ ಕ್ಯಾನ್ಸರ್‌ಗಳಲ್ಲಿ ಇದೂ ಒಂದು. ತಿಂಗಳಿಗೊಮ್ಮೆ ಸ್ನಾನದ ಮನೆಯಲ್ಲಿ ಎರಡೂ ಕೈ ಬೆರಳುಗಳ ನಡುವೆ ಮೆಲ್ಲಗೆ ಉರುಳಿಸಿ ನೋಡಿ. ಹಿಂಭಾಗದ ಮೆತ್ತಗಿನ ದಿಂಡು ಎಪಿಡಿಡಿಮಿಸ್. ಬೀಜದ ಮೈಯಲ್ಲೇ ಗಟ್ಟಿ ಏನಾದರೂ ಸಿಕ್ಕಿದರೆ ಡಾಕ್ಟರ ಹತ್ತಿರ ಹೋಗಿ.

"ಚೀಲದ ಮೂಲಕ ಸೂಜಿ ಹಾಕಿ ನೋಡಬಾರದಾ?" ಅಂತ ಕೇಳುತ್ತಾರೆ. ಹಾಕಬಾರದು. ಬೀಜದ ದುಗ್ಧರಸ (ಲಿಂಫ್) ಹರಿಯುವುದು ಹೊಟ್ಟೆಯೊಳಗೆ, ಮಹಾಧಮನಿಯ ಪಕ್ಕದ ಗ್ರಂಥಿಗಳಿಗೆ. ಚೀಲದ ಚರ್ಮದ್ದು ತೊಡೆಸಂದಿಗೆ. ಚುಚ್ಚಿದರೆ ಕ್ಯಾನ್ಸರ್‌ಗೆ ಇಲ್ಲದ ದಾರಿಯೊಂದನ್ನು ತೆರೆದು ಕೊಟ್ಟಂತೆ. ಅದಕ್ಕೇ ತೆಗೆಯುವಾಗಲೂ ತೊಡೆಸಂದಿನಿಂದಲೇ ತೆಗೆಯುತ್ತಾರೆ. ಒಂದು ತೆಗೆದರೂ ಉಳಿದದ್ದು ಚೆನ್ನಾಗಿದ್ದರೆ ಹಾರ್ಮೋನ್‌ಗೂ ಮಕ್ಕಳಿಗೂ ಸಾಕು.

ಸ್ಕ್ಯಾನ್ ರಿಪೋರ್ಟ್‌ನಲ್ಲಿ ಬರೆದಿದ್ದು ಓದಿ ಭಯ ಆಗ್ತಿದೆ. ಏನು ಅರ್ಥ?

"ಹೋಮೋಜೀನಸ್ ಎಕೋಟೆಕ್ಸ್ಚರ್" ಅಂದರೆ ತಿರುಳೆಲ್ಲ ಒಂದೇ ಸಮ ಕಾಣುತ್ತಿದೆ, ಒಳ್ಳೆಯ ಸುದ್ದಿ. "ಮೀಡಿಯಾಸ್ಟೈನಮ್" ಬಿಳಿ ಗೆರೆಯಾಗಿ ಕಂಡರೆ ಅದು ಇರಬೇಕಾದದ್ದೇ. "ಎಪಿಡಿಡಿಮಲ್ ಸಿಸ್ಟ್" ಅಂದರೆ ಹಿಂಭಾಗದ ದಿಂಡಿನಲ್ಲಿ ನೀರಿನ ಗುಳ್ಳೆ. ಬಹಳ ಜನರಿಗೆ ಇರುತ್ತದೆ, ಸಾಮಾನ್ಯವಾಗಿ ಏನೂ ಮಾಡಬೇಕಾಗಿಲ್ಲ. "ರೀಟೆ ಟೆಸ್ಟಿಸ್ ಎಕ್ಟೇಸಿಯಾ" ಅಂದರೆ ಆ ಜಾಲ ಸ್ವಲ್ಪ ಹಿಗ್ಗಿದೆ, ವಯಸ್ಸಾದವರಲ್ಲಿ, ನಸ್‌ಬಂದಿ ಆದವರಲ್ಲಿ ಕಾಣುತ್ತದೆ. "ಮೈಕ್ರೋಲಿಥಿಯಾಸಿಸ್" ಅಂದರೆ ನಳಿಕೆಗಳ ಒಳಗೆ ಸುಣ್ಣದ ಸಣ್ಣ ಚುಕ್ಕೆಗಳು. ಇದೊಂದೇ ಇದ್ದರೆ ಗಾಬರಿ ಬೇಡ. ಆದರೆ ಚಿಕ್ಕಂದಿನಲ್ಲಿ ಬೀಜ ಇಳಿಯದೆ ಇದ್ದವರು, ಮನೆಯಲ್ಲಿ ಯಾರಿಗಾದರೂ ವೃಷಣದ ಕ್ಯಾನ್ಸರ್ ಇದ್ದವರು ಅದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು. ಕಲರ್ ಡಾಪ್ಲರ್‌ನಲ್ಲಿ "ವ್ಯಾಸ್ಕುಲಾರಿಟಿ ನಾರ್ಮಲ್" ಅಂತಿದ್ದರೆ ರಕ್ತ ಸರಿಯಾಗಿ ಹರಿಯುತ್ತಿದೆ. "ಆಬ್ಸೆಂಟ್ ಫ್ಲೋ" ಅಂತಿದ್ದರೆ ಇದನ್ನು ಓದುತ್ತಾ ಕೂರಬೇಡಿ, ಆ ರಿಪೋರ್ಟ್ ಹಿಡಿದು ಈಗಲೇ ಸರ್ಜನ್ ಹತ್ತಿರ ಹೊರಡಿ.